ಅಮ್ಮನ ಹತ್ರ ಇರ್ಲಾ, ಹೋಗ್ಲಾ: ಸಾರ್ತ್ರ್ ಕೊಟ್ಟ ಉತ್ತರ ಯಾಕೋ ಗಂಟಲಲ್ಲಿ ಇಳೀತಿಲ್ಲ

ಮಲೆನಾಡಮಳೆ

ಎಲ್ರಿಗೂ ನಮಸ್ಕಾರ. ಉದ್ದ ಇದೆ, ಬೇಜಾರಾದ್ರೆ ಮುಂದೆ ಹೋಗಿ. ನಾನು ಫಿಲಾಸಫಿ ಓದ್ದೋನಲ್ಲ, ಮೆಕ್ಯಾನಿಕಲ್. ಎರಡು ತಿಂಗಳಿಂದ ಅಸ್ತಿತ್ವವಾದ ಅಂತ ಸಿಕ್ಕಿದ್ದೆಲ್ಲ ಓದ್ತಾ ಇದೀನಿ, ಯಾಕೆ ಅಂತ ಕೊನೇಲಿ ಹೇಳ್ತೀನಿ.

1945ರ ಅಕ್ಟೋಬರ್ 29ಕ್ಕೆ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಪ್ಯಾರಿಸ್‌ನಲ್ಲಿ ಒಂದು ಭಾಷಣ ಮಾಡ್ದ, ಯುರೋಪಲ್ಲಿ ಯುದ್ಧ ಮುಗ್ದು ಆರು ತಿಂಗಳೂ ಆಗಿರ್ಲಿಲ್ಲ. ಸಿಕ್ಕಾಪಟ್ಟೆ ಜನ ಸೇರಿದ್ರಂತೆ, ಕುರ್ಚಿ ಮುರ್ದೋದ್ವಂತೆ. ಅದ್ರಲ್ಲಿ ಒಂದು ಉದಾಹರಣೆ ಕಾಗದ ಕತ್ತರಿಸೋ ಚಾಕು. ಚಾಕು ಮಾಡೋನ ತಲೇಲಿ ಅದು ಯಾತಕ್ಕೆ ಅನ್ನೋದು ಮೊದ್ಲೇ ಇರುತ್ತೆ, ಚಾಕು ಆಮೇಲೆ ಹುಟ್ಟುತ್ತೆ. ಮನುಷ್ಯಂದು ಉಲ್ಟಾ, ಮೊದ್ಲು ಹುಟ್ಟಿಬಿಡ್ತಾನೆ, ಯಾತಕ್ಕೆ ಅನ್ನೋದನ್ನ ತಾನೇ ಬದುಕ್ತಾ ಬದುಕ್ತಾ ಮಾಡ್ಕೋಬೇಕು. ಅಸ್ತಿತ್ವವಾದ ಅಂದ್ರೆ ಇದೇ. ಇಷ್ಟು ನಂಗೆ ಸಲೀಸಾಗಿ ಅರ್ಥ ಆಯ್ತು, ಡ್ರಾಯಿಂಗ್ ಇಲ್ದೆ ಬಂದಿರೋ ಪಾರ್ಟ್ ನಾವು ಅಷ್ಟೇ.

ತೊಡಕಿರೋದು ಆಮೇಲೆ ಬರೋ ಕಥೇಲಿ. ಜರ್ಮನ್ರು ಫ್ರಾನ್ಸನ್ನ ಹಿಡ್ಕೊಂಡಿದ್ದ ಕಾಲದಲ್ಲಿ ಒಬ್ಬ ಸ್ಟೂಡೆಂಟ್ ಇವನ ಹತ್ರ ಬರ್ತಾನೆ. ಅಪ್ಪ ಅಮ್ಮಂಗೆ ಆಗಲ್ಲ, ಅಪ್ಪ ಬೇರೆ ಜರ್ಮನ್ರ ಕಡೆ ವಾಲ್ತಿದಾನೆ, ಅಣ್ಣ 1940ರ ದಾಳೀಲಿ ಸತ್ತಿದಾನೆ. ಅಮ್ಮಂಗೆ ಉಳಿದಿರೋದು ಇವನೊಬ್ನೇ. ಇವಂಗೆ ಇಂಗ್ಲೆಂಡಿಗೆ ದಾಟಿ ಜರ್ಮನ್ರ ವಿರುದ್ಧ ಹೋರಾಡ್ತಿದ್ದ ಫ್ರೀ ಫ್ರೆಂಚ್ ಪಡೆ ಸೇರ್ಬೇಕು, ಅಣ್ಣನ ಸೇಡು ತೀರಿಸ್ಬೇಕು. ಇವನು ಹೋದ್ರೆ ಅಮ್ಮ ಉಳಿಯಲ್ಲ. ಇಲ್ಲೇ ಇದ್ರೆ ಅಮ್ಮಂಗೆ ಮಾಡಿದ್ದು ಕಣ್ಣಿಗೆ ಕಾಣುತ್ತೆ, ಹೋದ್ರೆ ಸ್ಪೇನ್‌ನಲ್ಲಿ ಯಾವ್ದೋ ಕ್ಯಾಂಪಲ್ಲಿ ಕೊಳೀಬಹುದು, ತಲುಪಿದ್ರೂ ಆಫೀಸಲ್ಲಿ ಕೂರ್ಸಿ ಫಾರಂ ತುಂಬ್ಸಬಹುದು. ಏನ್ ಮಾಡ್ಲಿ ಅಂತ ಕೇಳ್ತಾನೆ. ಸಾರ್ತ್ರ್ ಹೇಳೋದು ಇಷ್ಟೇ, ನೀನು ಸ್ವತಂತ್ರ, ಆರಿಸ್ಕೋ.

ಇದೇನ್ ಸ್ವಾಮಿ ಉತ್ತರ?

ನನ್ ವಿಷ್ಯ. ವಯಸ್ಸು 41, ಬೆಂಗಳೂರು, ಹೆಂಡ್ತಿ, ಒಬ್ಳು ಮಗಳು. ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮಂಗೆ 74, ಸಾಗರದ ಹತ್ರ ಹಳ್ಳೀಲಿ ಒಬ್ರೇ ಇದಾರೆ, ಒಂದೂವರೆ ಎಕರೆ ಅಡಿಕೆ ತೋಟ. ಬೆಂಗಳೂರಿಗೆ ಕರ್ಕೊಂಡು ಬಂದ್ರೆ ಹದಿನೈದೇ ದಿನ, ಬಾಲ್ಕನೀಲಿ ಕೂತ್ರೆ ಪಕ್ಕದ ಬಾಲ್ಕನಿ ಬಿಟ್ರೆ ಏನೂ ಕಾಣಲ್ಲ ಅಂತ ವಾಪಸ್ ಹೊರಟ್ರು. ನಂಗೀಗ ಜರ್ಮನೀಲಿ ಮೂರು ವರ್ಷದ ಕೆಲಸ ಬಂದಿದೆ. ಉತ್ತರ ಕೊಡೋಕೆ ಹನ್ನೆರಡು ದಿನ ಇದೆ. ಫೋನ್ ಮಾಡಿದ್ರೆ ಅಮ್ಮ ನಂಗೇನಾಗಿದೆ ಆರಾಮಿದೀನಿ ಅಂತಾರೆ, ಅಂದ್ಮೇಲೆ ಫೋನನ್ನ ಸ್ವಲ್ಪ ದೂರ ಹಿಡ್ದು ಕೆಮ್ತಾರೆ. ದೂರ ಹಿಡ್ದಿದ್ದು ಕೇಳ್ಸುತ್ತೆ.

ಸುಮ್ನೆಓದೋನು

ಹೋಗು ಗುರು. ಫಿಲಾಸಫಿ ಎಲ್ಲಾ ಹೋಮ್ ಲೋನ್ ತೀರಿದ್ಮೇಲೆ.

ಧಾರವಾಡಿ

ಅದs ಭಾಷಣದಾಗ ಇನ್ನೊಂದು ಮಾತು ಐತ್ರಿ, ನೀವು ಬಿಟ್ಟೀರಿ. ಸಲಹಾ ಕೇಳಾಕ ಯಾರ ಕಡೆ ಹೋಗ್ತೀವಿ ಅನ್ನೂದರಾಗನ ನಾವು ಅರ್ಧ ಆರಿಸಿಬಿಟ್ಟಿರ್ತೀವಿ ಅಂತಾನ ಅವ. ಪಾದ್ರಿ ಕಡೆ ಹೋಗ್ತೀನಿ ಅಂದ್ರ ಎಂಥಾ ಪಾದ್ರಿ? ಜರ್ಮನ್ರ ಜೋಡಿ ಕೈಗೂಡಿಸಿದಾಂವನೂ ಇದ್ದ, ವಿರೋಧ ಮಾಡಾಂವನೂ ಇದ್ದ. ಯಾರ ಮನಿ ಬಾಗಲಾ ಬಡೀತೀಯೋ ಆ ಉತ್ತರ ನಿನಗ ಮೊದಲs ಗೊತ್ತಿರ್ತದ. ಆ ಹುಡುಗನೂ ಸಾರ್ತ್ರ್ ಏನಂತಾನ ಅಂತ ಗೊತ್ತಿದ್ದs ಅವನ ಕಡೆ ಬಂದಿದ್ದ.

ಈಗ ನೀವು. ಮನಿ ಹಿರಿಯರನ್ನ ಕೇಳ್ಲಿಲ್ಲ, ಊರಾಗಿನ ಭಟ್ಟರನ್ನ ಕೇಳ್ಲಿಲ್ಲ, ರಾತ್ರಿ ಹನ್ನೆರಡಕ್ಕ ಕುಂತು ಪುಸ್ತಕ ಓದೋ ಮಂದೀನ್ನ ಕೇಳಾಕತ್ತೀರಿ. ಇಲ್ಲಿ ಯಾರೂ ತಾಯಿ ಬಿಟ್ಟು ಹೋದ್ರ ಪಾಪ ಬರ್ತದ ಅನ್ನಂಗಿಲ್ಲ ಅಂತ ನಿಮಗ ಗೊತ್ತೈತಿ. ತಪ್ಪು ತಿಳ್ಕೋಬ್ಯಾಡ್ರಿ, ಕಂಡದ್ದು ಹೇಳ್ದೆ.

ಇನ್ನ ಸುಮ್ನ ಕುಂತ್ರ ಆತು, ಹನ್ನೆರಡು ದಿನ ಹೆಂಗೋ ಕಳೀತಾವ ಅಂದ್ರ ಅದೂ ಆರಿಸಿದ್ದs ಅಂತಾನ. ಆರಿಸದೇ ಇರೂದಕ್ಕ ಬರೂದಿಲ್ಲ ಅವನ ಲೆಕ್ಕದಾಗ.

ಮಲೆನಾಡಮಳೆ

@ಧಾರವಾಡಿ ಚುಚ್ಚಿದ್ರಿ. ಆದ್ರೆ ಸುಳ್ಳಲ್ಲ. ಮಾವನ್ನ ಕೇಳ್ಬಹುದಿತ್ತು, ಕೇಳಿದ್ರೆ ಏನಂತಾರೆ ಅಂತ ಗೊತ್ತಿತ್ತು, ಕೇಳ್ಲಿಲ್ಲ.

ಹಳೇಮೇಷ್ಟ್ರು

ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವನು. ನಮ್ಮಲ್ಲಿ ಅರವತ್ತರ ದಶಕದಲ್ಲಿ ಈ ಸಾರ್ತ್ರ್, ಫ್ರೆಂಚ್ ಕಾದಂಬರಿಕಾರ ಕಮೂ ಎಲ್ಲ ಹೋಟೆಲಲ್ಲಿ ಕಾಫಿ ಜೊತೆ ಬರ್ತಿದ್ರು. ಅನಾಥಪ್ರಜ್ಞೆ, ಪರಕೀಯತೆ, ಅಸಂಗತ ಅಂತ ಮಾತಾಡದೇ ಇದ್ರೆ ನವ್ಯದವನೇ ಅಲ್ಲ ಅನ್ನೋ ಹಾಗಿತ್ತು. ಅಪ್ಪನ ಮನೇಲಿ ಮೂರು ಹೊತ್ತು ಉಂಡು ಅನಾಥಪ್ರಜ್ಞೆ ಅನ್ನೋರೂ ಇದ್ರು, ನಾನೂ ಅವರಲ್ಲೊಬ್ಬ.

ಆದ್ರೆ ಕೆಲವರಿಗೆ ಅದು ಫ್ಯಾಶನ್ ಆಗಿರ್ಲಿಲ್ಲ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಲ್ಲಿ ಓದ್ತಿದ್ದಾಗ ಬರೆದ 'ಸಂಸ್ಕಾರ' 1965ರಲ್ಲಿ ಬಂತು. ಎಲ್ಲರೂ ಅದನ್ನ ಹೆಣದ ಪ್ರಶ್ನೆ, ಬ್ರಾಹ್ಮಣ್ಯದ ಪ್ರಶ್ನೆ ಅಂತ ಓದ್ತಾರೆ. ಸರಿ. ಆದ್ರೆ ನಿಮ್ಮ ಪ್ರಶ್ನೆಗೆ ಬೇಕಾದ್ದು ಮೊದಲ ಪುಟದಲ್ಲೇ ಇದೆ. ಪ್ರಾಣೇಶಾಚಾರ್ಯ ರೋಗಿಷ್ಠ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸ್ತಾರೆ, ಗಂಜಿ ಉಣಿಸ್ತಾರೆ, ಅವಳ ಸೇವೆಯಿಂದ ತಾನು ಹದವಾಗ್ತಾ ಇದೀನಿ ಅಂತ ಮನಸ್ಸಲ್ಲೇ ಅಂದ್ಕೋತಾರೆ. ಪಾಠ ಮಾಡುವಾಗ ಇಪ್ಪತ್ತು ಸಲ ಇದನ್ನ ದೊಡ್ಡ ತ್ಯಾಗ ಅಂತಲೇ ಹೇಳಿದೀನಿ. ನಿವೃತ್ತಿ ಆದ್ಮೇಲೆ ಒಂದು ದಿನ ಓದ್ತಾ ಮೈ ಜುಂ ಅಂತು. ಆ ಹೆಂಗಸು ಅಲ್ಲಿ ಹೆಂಡತಿ ಅಲ್ಲ, ಮೋಕ್ಷಕ್ಕೆ ಹತ್ತೋ ಮೆಟ್ಟಿಲು.

ನೀವು ಉಳಿದ್ರೆ ಅಮ್ಮನಿಗೋಸ್ಕರ ಉಳೀತೀರೋ, ಒಳ್ಳೇ ಮಗ ಅನ್ನಿಸ್ಕೊಳ್ಳೋಕೆ ಉಳೀತೀರೋ? ಕೆಟ್ಟ ಪ್ರಶ್ನೆ, ಗೊತ್ತು.

ಇನ್ನೊಂದು. ಕಮೂನನ್ನ ಅಸ್ತಿತ್ವವಾದಿ ಅಂತ ಎಲ್ಲಾ ಕಡೆ ಬರೀತಾರೆ, ಆತ 1945ರಲ್ಲೇ ಒಂದು ಸಂದರ್ಶನದಲ್ಲಿ ನಾನು ಅಲ್ಲ ಅಂದಿದ್ದ.

ಕಡಲತಡಿ

ಕಮೂ ಹೆಸರು ಬಂತು ಅಂತ ಬರೆಯುವುದು. ಅಮ್ಮಂದಿರ ವಿಷಯ ಅಂದ ಮೇಲೆ ಅವನನ್ನು ಬಿಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅವನಿಗೆ ಒಂದು ವರ್ಷ ಆಗುವಾಗ ಅಪ್ಪ ಯುದ್ಧದಲ್ಲಿ ಹೋದ, 1914ರಲ್ಲಿ. ಅಮ್ಮ ಅಲ್ಜೀರಿಯಾದ ಆಲ್ಜಿಯರ್ಸ್‌ನಲ್ಲಿ ಕಂಡವರ ಮನೆ ಗುಡಿಸಿ ಒರೆಸಿ ಸಾಕಿದ್ದು. ಕಿವಿ ಸರಿ ಕೇಳ್ತಿರ್ಲಿಲ್ಲ, ಓದ್ಲಿಕ್ಕೂ ಬರ್ತಿರ್ಲಿಲ್ಲ. ಯೋಚನೆ ಮಾಡಿ, ಮಗನಿಗೆ ನೊಬೆಲ್ ಬಂದದ್ದು ಬರೆದದ್ದಕ್ಕೆ, ಅದ್ರಲ್ಲಿ ಒಂದು ಸಾಲು ಸಹಾ ಅಮ್ಮನಿಗೆ ಓದ್ಲಿಕ್ಕೆ ಆಗುದಿಲ್ಲ.

'ದಿ ಔಟ್‌ಸೈಡರ್'ನಲ್ಲಿ (ಅದು ಕಮೂನ ಕಾದಂಬರಿ) ನಾಯಕ ಮರ್ಸೋ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಿರ್ತಾನೆ, ಸಂಬಳ ಸಾಕಾಗುದಿಲ್ಲ ಅಂತ. ಆಮೇಲೆ ಅವನು ಕೊಲೆ ಮಾಡಿದ್ದಕ್ಕೆ ಕೋರ್ಟು ನಡೆಯುವುದು, ಆದ್ರೆ ಅಲ್ಲಿ ದೊಡ್ಡದಾಗುವುದು ಎಂತ? ಅಮ್ಮನ ಹೆಣದ ಮುಂದೆ ಅಳ್ಲಿಲ್ಲ, ಕಾಫಿ ಕುಡಿದ, ಸಿಗರೇಟು ಸೇದಿದ. ನಮ್ಮ ಊರಲ್ಲೂ ಅಷ್ಟೇ ಅಲ್ವಾ, ಬೊಜ್ಜಕ್ಕೆ (ತಿಥಿ ಊಟಕ್ಕೆ) ಬಂದವರು ಮಗ ಅತ್ತನಾ ಇಲ್ವಾ ಅಂತ ನೋಡುವುದು. ಇದ್ದಾಗ ನೋಡಿದನಾ ಅಂತ ಯಾರೂ ಕೇಳುದಿಲ್ಲ.

ಸುಮ್ನೆಓದೋನು

ಕಮೂನೇ ಅಲ್ವಾ ನ್ಯಾಯಕ್ಕಿಂತ ಅಮ್ಮ ದೊಡ್ಡೋಳು ಅಂದಿದ್ದು? ವಾಟ್ಸಾಪಲ್ಲಿ ಮದರ್ಸ್ ಡೇಗೆ ಬಂದಿತ್ತು, ಗುಲಾಬಿ ಹೂವಿನ ಮೇಲೆ.

ಕಡಲತಡಿ

ಅಯ್ಯೋ ಗುಲಾಬಿ ಹೂವು. ಅದು ಹಾಗಲ್ಲ. 1957 ಡಿಸೆಂಬರ್, ನೊಬೆಲ್ ತಗೊಳ್ಲಿಕ್ಕೆ ಸ್ಟಾಕ್‌ಹೋಮಿಗೆ ಹೋಗಿದ್ದ, ಅಲ್ಲಿ ಒಬ್ಬ ಅಲ್ಜೀರಿಯಾದ ಹುಡುಗ ಎದ್ದು ನಿಂತು ಜೋರು ಮಾಡಿದ, ಫ್ರಾನ್ಸ್ ವಿರುದ್ಧದ ಸ್ವಾತಂತ್ರ್ಯ ಹೋರಾಟದ ಬಗ್ಗೆ ಯಾಕೆ ಬಾಯಿ ಬಿಡುದಿಲ್ಲ ಅಂತ. ಆಗ ಕಮೂ ಹೇಳಿದ್ದರ ತಾತ್ಪರ್ಯ: ಆಲ್ಜಿಯರ್ಸ್‌ನ ಟ್ರಾಮಲ್ಲಿ ಈಗ ಬಾಂಬ್ ಇಡ್ತಿದ್ದಾರೆ, ನನ್ನ ಅಮ್ಮ ಅದೇ ಟ್ರಾಮಲ್ಲಿ ಹೋಗ್ತಾ ಇರಬಹುದು, ನ್ಯಾಯ ಅಂದ್ರೆ ಅದೇ ಆದ್ರೆ ನನಗೆ ಅಮ್ಮನೇ ಆಗ್ಬೇಕು. ಪೇಪರಿನವರು ಟ್ರಾಮನ್ನೂ ಬಾಂಬನ್ನೂ ಬಿಟ್ಟು ನ್ಯಾಯ ವರ್ಸಸ್ ಅಮ್ಮ ಮಾಡಿದ್ರು. ಪ್ಯಾರಿಸಿನ ಎಡಪಂಥದವರಿಗೆ ಸಿಟ್ಟು ಬಂತು.

ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆ ಹುಡುಗನಿಗೂ ಒಬ್ಬಳು ಅಮ್ಮ ಇದ್ದಿರಬೇಕಲ್ಲ, ಅವಳ ಓಣಿಗೆ ಫ್ರೆಂಚ್ ಸೈನ್ಯ ನುಗ್ಗುತ್ತಿತ್ತಲ್ಲ. ಆದ್ರೂ ಒಂದು ಮಾತು ಉಂಟು. ಸಾರ್ತ್ರ್‌ನ ಕಥೆಯಲ್ಲಿ ಅಮ್ಮ ಒಂದು ಉದಾಹರಣೆ. ಕಮೂಗೆ ಅಮ್ಮ ಇಂಥ ಬೀದಿಯಲ್ಲಿ, ಇಂಥ ಟ್ರಾಮಲ್ಲಿ ಕೂತಿರುವ ಹೆಂಗಸು.

ಧಾರವಾಡಿ

@ಕಡಲತಡಿ ಕಡೀ ಸಾಲಿಗೆ ಒಂದು ಗಿರ್ಮಿಟ್ ನನ್ನ ಲೆಕ್ಕದಾಗ.

ನೈಟ್‌ಡ್ಯೂಟಿ

ನಾನು ನರ್ಸ್. ಈಗ ಎರಡೂ ಮುಕ್ಕಾಲು, ವಾರ್ಡು ಸ್ವಲ್ಪ ತಣ್ಣಗಿದೆ ಅದಕ್ಕೆ ಬರೀತಿದೀನಿ, ಮಧ್ಯದಲ್ಲಿ ಬೆಲ್ ಹೊಡೆದ್ರೆ ಎದ್ದೋಗ್ತೀನಿ.

ನಿಮ್ ಚರ್ಚೇಲಿ ಸಾರ್ತ್ರ್ ಜೊತೆಗಾತಿ, ಲೇಖಕಿ ಸಿಮೊನ್ ದ ಬೋವಾ ಬರ್ಲೇ ಇಲ್ವಲ್ಲ, ಆಶ್ಚರ್ಯ ಏನಿಲ್ಲ ಬಿಡಿ. 1963ರ ಅಕ್ಟೋಬರಲ್ಲಿ ಅವರಮ್ಮ ಬಾತ್‌ರೂಮಲ್ಲಿ ಬಿದ್ದು ತೊಡೆ ಮೂಳೆ ಮುರ್ಕೊಂಡ್ರು, 77 ವಯಸ್ಸು. ಆಸ್ಪತ್ರೆಗೆ ಸೇರ್ಸಿದ್ಮೇಲೆ ಕರುಳಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಪರೇಶನ್ ಮಾಡಿದ್ರು. ಬೋವಾ, ಅವರ ತಂಗಿ ಇಬ್ರೂ ಅಮ್ಮಂಗೆ ಹೇಳಿದ್ದೇನು ಗೊತ್ತಾ, ಹೊಟ್ಟೆ ಒಳಗೆ ಸೋಂಕಾಗಿತ್ತು, ಈಗ ಸರಿಹೋಗುತ್ತೆ ಅಂತ. ಇಡೀ ಜೀವನ ಸ್ವಾತಂತ್ರ್ಯ, ಸತ್ಯ, ಆತ್ಮವಂಚನೆ ಅಂತ ಬರ್ದೋರು ಅಮ್ಮನ ಮಂಚದ ಪಕ್ಕ ಕೂತು ದಿನಾ ಸುಳ್ಳು ಹೇಳಿದ್ರು, ಮರುವರ್ಷ ಅದನ್ನೂ ಮುಚ್ಚಿಡದೆ ಪುಸ್ತಕದಲ್ಲಿ ಬರ್ದ್ರು. ಅದಕ್ಕೇ ನಂಗೆ ಆ ಗುಂಪಲ್ಲಿ ಅವರೊಬ್ರ ಮೇಲೇ ನಂಬಿಕೆ.

ಇಲ್ಲಿ ದಿನಾ ಇದೇ. ಪೇಶೆಂಟಿಗೆ ಹೇಳ್ಬೇಡಿ ಸಿಸ್ಟರ್ ಅಂತ ಮಗ ಕಾರಿಡಾರಲ್ಲಿ ಕೈಮುಗೀತಾನೆ. ಒಳಗೆ ಹೋದ್ರೆ ಅಜ್ಜಿ ನನ್ನ ಕೈ ಹಿಡ್ಕೊಂಡು, ನಂಗೆ ಗೊತ್ತಾಗಿದೆ ಅಂತ ಮಗನಿಗೆ ಹೇಳ್ಬೇಡಮ್ಮ, ತಡ್ಕೊಳ್ಳಲ್ಲ ಅಂತಾರೆ. ನಾನು ಇಬ್ರ ಮಧ್ಯೆ ಡ್ರಿಪ್ ಸರಿ ಮಾಡ್ತಾ ನಿಂತಿರ್ತೀನಿ.

ಜೀವನದ ಅರ್ಥ ಏನು ಅಂತ ಇಷ್ಟು ವರ್ಷದಲ್ಲಿ ಒಬ್ಬ ಪೇಶೆಂಟೂ ನನ್ನ ಕೇಳಿಲ್ಲ. ಕೇಳೋದು, ಯಾರಾದ್ರೂ ಬಂದಿದಾರಾ ಹೊರಗೆ.

ಬೆಲ್.

ದೂರದಬೆಟ್ಟ

ಬೇರೆ ದಿಕ್ಕಿಂದ ಬರೀತಿದೀನಿ, ನಾನು ಹೋದೋನು. ಹನ್ನೊಂದು ವರ್ಷ ಆಯ್ತು ಜರ್ಮನೀಲಿ. ಅಪ್ಪ ತೀರ್ಕೊಂಡಾಗ ಎರಡು ವಿಮಾನ ಬದ್ಲಾಯಿಸಿ, ಕೆಂಪೇಗೌಡದಲ್ಲಿ ಇಳ್ದು, ಟ್ಯಾಕ್ಸೀಲಿ ಹಾಸನ ದಾಟೋ ಹೊತ್ತಿಗೆ ತಮ್ಮ ಫೋನ್ ಮಾಡ್ದ, ಇನ್ನು ಇಡೋಕಾಗಲ್ಲ ಅಣ್ಣ ಅಂತ. ಡ್ರೈವರಿಗೆ ಗೊತ್ತಾಯ್ತು ಅನ್ಸುತ್ತೆ, ಹಾಡು ಆಫ್ ಮಾಡ್ದ. ಇದನ್ನ ಹೋಗ್ಬೇಡಿ ಅನ್ನೋಕೆ ಬರೀತಿಲ್ಲ. ಇಲ್ಲಿ ನಂಗೆ ಸಿಕ್ಕಿದ್ದೂ ಸಣ್ಣದಲ್ಲ.

ವಿಕ್ಟರ್ ಫ್ರಾಂಕಲ್ ಗೊತ್ತಿರ್ಬೇಕು ನಿಮಗೆ. ವಿಯೆನ್ನಾದ ಯಹೂದಿ ಡಾಕ್ಟ್ರು, ಯಾತನಾ ಶಿಬಿರದಿಂದ ಉಳ್ದು ಬಂದು 1946ರಲ್ಲಿ ಪುಸ್ತಕ ಬರ್ದೋರು. ಅರ್ಥದ ಹುಡುಕಾಟ ಅಂದ್ರೆ ಎಲ್ರೂ ಶಿಬಿರದ ಭಾಗಾನೇ ಹೇಳ್ತಾರೆ. ನಂಗೆ ಕಾಡೋದು ಅದಕ್ಕೆ ಮುಂಚಿನ ಒಂದು ಸಂಜೆ. ಅಮೆರಿಕ ಯುದ್ಧಕ್ಕೆ ಇಳಿಯೋಕೆ ಸ್ವಲ್ಪ ಮೊದ್ಲು ಅವರಿಗೆ ವೀಸಾ ಬಂತು. ಹೋದ್ರೆ ಬದುಕ್ತಾರೆ, ವಯಸ್ಸಾದ ಅಪ್ಪ ಅಮ್ಮ ಇಲ್ಲೇ, ಶಿಬಿರಕ್ಕೆ ಒಯ್ಯೋದು ಗ್ಯಾರಂಟಿ. ತಲೆ ಕೆಟ್ಟು ಮನೆಗೆ ಬಂದ್ರೆ ಮೇಜಿನ ಮೇಲೆ ಒಂದು ಅಮೃತಶಿಲೆ ಚೂರು. ಏನಪ್ಪಾ ಇದು ಅಂದ್ರು. ನಾಜಿಗಳು ಸುಟ್ಟ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ನ ಅವಶೇಷದಲ್ಲಿ ಸಿಕ್ತು ಅಂದ್ರು ಅಪ್ಪ, ಹತ್ತು ಆಜ್ಞೆ ಕೆತ್ತಿದ್ದ ಕಲ್ಲಿನ ಚೂರು, ಒಂದೇ ಒಂದು ಹೀಬ್ರೂ ಅಕ್ಷರ ಉಳಿದಿತ್ತು. ಅದು ಯಾವ ಆಜ್ಞೇದು? ತಂದೆ ತಾಯಿನ ಗೌರವಿಸು ಅನ್ನೋದ್ರದ್ದು. ವೀಸಾ ಹಾಗೇ ಮುಗ್ದೋಗೋಕೆ ಬಿಟ್ಟುಬಿಟ್ರು.

ಸುಮ್ನೆಓದೋನು

ಉಳ್ದು ಏನಾಯ್ತು? ಅಪ್ಪ ಅಮ್ಮ ಹೆಂಡ್ತಿ ಮೂರೂ ಜನ ಸತ್ರು ತಾನೇ. ಹೋಗಿದ್ರೂ ಅಷ್ಟೇ ಆಗ್ತಿತ್ತು. ಬೇಜಾರ್ ಮಾಡ್ಕೋಬೇಡಿ, ಲೆಕ್ಕ ಹೇಳ್ದೆ.

ದೂರದಬೆಟ್ಟ

ಲೆಕ್ಕ ಸರಿ ಇದೆ. ಅಪ್ಪ ತೆರೇಸಿನ್‌ಷ್ಟಾಟ್‌ನಲ್ಲಿ, ಅಮ್ಮ ಆಶ್ವಿಟ್ಜ್‌ನಲ್ಲಿ, ಹೆಂಡತಿ ಬೆರ್ಗೆನ್-ಬೆಲ್ಸನ್‌ನಲ್ಲಿ. ಆದ್ರೆ ಅಪ್ಪ ನ್ಯುಮೋನಿಯಾದಲ್ಲಿ ಉಸಿರಿಗೆ ಒದ್ದಾಡ್ತಿದ್ದಾಗ ಮಗ ಕದ್ದುಮುಚ್ಚಿ ಇಟ್ಕೊಂಡಿದ್ದ ಮಾರ್ಫಿನ್ ಕೊಟ್ರು, ನೋವು ಇಳಿಯೋವರೆಗೂ ಪಕ್ಕದಲ್ಲಿದ್ರು. ಆ ಮಾರ್ಫಿನನ್ನ ಯಾವ ಕಾಲಂನಲ್ಲಿ ಬರೀತೀರಿ ನೀವು? ನಾನು ಹಾಸನದ ಹತ್ರ ಟ್ಯಾಕ್ಸೀಲಿದ್ದೆ.

ಸುಮ್ನೆಓದೋನು

ಸಾರಿ ಸರ್.

ಹಳೇಮೇಷ್ಟ್ರು

ಆ ಕಲ್ಲಿನ ಚೂರನ್ನ ಸಾರ್ತ್ರ್ ಒಪ್ತಿರ್ಲಿಲ್ಲ ಅನ್ನೋದನ್ನ ಇಲ್ಲಿ ಹೇಳ್ಬೇಕು. ಶಕುನ ಅಂತ ಯಾವುದೂ ಇಲ್ಲ, ಶಕುನವನ್ನ ಓದೋನು ನೀನೇ ಅಂತಾನೆ ಅದೇ ಭಾಷಣದಲ್ಲಿ. ಬೇರೆಯವನು ಅದೇ ಚೂರನ್ನ ನೋಡಿ, ದೇವಸ್ಥಾನವನ್ನೇ ಸುಟ್ಟವರು ನನ್ನ ಬಿಡ್ತಾರಾ ಅಂತ ರಾತ್ರೋರಾತ್ರಿ ಹೊರಡ್ತಿದ್ದ. ಫ್ರಾಂಕಲ್ ಒಳಗೆ ಆಗಲೇ ಉಳಿದಿದ್ರು, ಕಲ್ಲು ಒಂದು ನೆಪ. ನಮ್ಮವರು ದೇವರ ಮುಂದೆ ಹೂಪ್ರಸಾದ ಕೇಳ್ತಾರಲ್ಲ, ಎಡಕ್ಕೆ ಬಿದ್ರೆ ಇನ್ನೊಂದ್ಸಲ ಕೇಳೋಣ ಅಂತಾರಲ್ಲ, ಹಾಗೆ.

ಕಡಲತಡಿ

ನಾಲ್ಕು ದಿನದಿಂದ ಓದ್ತಾ ಇದ್ದೇನೆ, ಒಂದು ಕೇಳ್ಬೇಕು. ಸಾರ್ತ್ರ್‌ನ ಆ ಕಥೆಯಲ್ಲಿ ಹುಡುಗ ಮಾತಾಡ್ತಾನೆ, ಸಾರ್ತ್ರ್ ಮಾತಾಡ್ತಾನೆ, ಪಾದ್ರಿ ಬರ್ತಾನೆ. ಅಮ್ಮ ಒಂದು ಸಲ ಸಹಾ ಬಾಯಿ ಬಿಡುದಿಲ್ಲ. ಅವಳು ಕುಸಿದು ಹೋಗ್ತಾಳೆ ಅಂತ ಹೇಳುವುದು ಮಗ. ಗಂಡ ಆ ತರ, ದೊಡ್ಡ ಮಗ ಸತ್ತದ್ದು, ಆದ್ರೂ ಯುದ್ಧದ ಕಾಲದಲ್ಲಿ ಮನೆ ನಡೆಸಿದ ಹೆಂಗಸು ಅದು. ಹೋಗು ಮಗ, ಅವರನ್ನು ಬಿಡ್ಬೇಡ ಅಂತ ಹೇಳ್ತಿದ್ಲೋ ಏನೋ. ಯಾರಾದ್ರೂ ಕೇಳಿದ್ರಾ?

ಈ ಥ್ರೆಡ್‌ನಲ್ಲೂ ಯಾರೂ ಕೇಳ್ಲಿಲ್ಲ. ಬೋವಾ ಒಮ್ಮೆ ಸಾರ್ತ್ರ್‌ನ ಹತ್ರ ಇದೇ ಜಗಳ ಮಾಡಿದ್ದುಂಟು, ಜನಾನಾದಲ್ಲಿ ಬೀಗ ಹಾಕಿಟ್ಟ ಹೆಂಗಸಿಗೆ ನಿನ್ನ ಈ ಸ್ವಾತಂತ್ರ್ಯ ಎಲ್ಲಿಂದ ಬರ್ತದೆ ಅಂತ. ಅದನ್ನೂ ಬೇರೆ ಬೇರೆ ರೀತಿ ಬದುಕ್ಬಹುದು ಅಂದನಂತೆ ಅವನು. ಗಂಡಸು.

ಧಾರವಾಡಿ

ಇದಕ್ಕ ಒಂದು ಒಗ್ಗರಣಿ ಹಾಕ್ತೀನಿ. ಆ ಹುಡುಗನಿಗೆ ಆರಿಸ್ಕೋ ಅಂದ ಸಾರ್ತ್ರ್, ಭಾಷಣದ ಮರುವರ್ಷ, 1946ರಾಗ, ತನ್ನ ತಾಯಿ ಜೋಡಿ ಒಂದs ಮನ್ಯಾಗ ಇರಾಕ ಹೋದ. ಮಲತಂದಿ ತೀರ್ಕೊಂಡಿದ್ದ, ತಾಯಿ ಒಬ್ಬಾಕಿನ ಆಗಿದ್ಲು. ಬೊನಪಾರ್ಟ್ ಬೀದಿ, 42ನೇ ನಂಬರು. ಹದಿನೈದು ವರ್ಷದ ಮ್ಯಾಲ ಅಲ್ಲೇ ಇದ್ದ, ಪಿಯಾನೊ ನುಡಿಸ್ಕೊಂಡು. ಜಗತ್ತಿಗೆ ಸ್ವಾತಂತ್ರ್ಯ ಬೋಧಿಸಿ ಸಂಜಿಗೆ ಅವ್ವನ ಮನಿ. ಅಲ್ಜೀರಿಯಾ ಗದ್ದಲದಾಗ ಅವನ ವಿರೋಧಿಗಳು ಆ ಮನಿಗೆ ಎರಡು ಸರ್ತಿ ಬಾಂಬ್ ಇಟ್ರು, ಆಮ್ಯಾಲೆ ಬಿಟ್ಟ.

ಅತ್ತಾಗ ಕಮೂ ಟ್ರಾಮಿನಾಗಿನ ಬಾಂಬಿಗೆ ಹೆದರಿ ಅವ್ವ ಅಂದ, ಇತ್ತಾಗ ಇವನ ಅವ್ವನ ಮನಿಗೇ ಬಾಂಬ್ ಬಿತ್ತು. ನಗಬೇಕೋ ಅಳಬೇಕೋ.

ಹಳೇಮೇಷ್ಟ್ರು

ಮೂವತ್ತೊಂದು ವರ್ಷ ಪಾಠ ಮಾಡಿದೆ, ಇದು ಗೊತ್ತಿರ್ಲಿಲ್ಲ ನೋಡಿ.

ಮಲೆನಾಡಮಳೆ

ತಡವಾಯ್ತು, ಊರಿಗೆ ಹೋಗಿದ್ದೆ. @ಕಡಲತಡಿ ಅವರ ಪ್ರಶ್ನೆ ಓದಿದ್ ರಾತ್ರೀನೇ ಬಸ್ ಹತ್ತಿದೆ.

ಈಗ ಕೊನೆ (ಅಡಿಕೆ ಗೊನೆ) ಕೊಯ್ಲು ನಡೀತಿದೆ. ಅಂಗಳದಲ್ಲಿ ಚಪ್ಪರದ ಕೆಳಗೆ ಅಮ್ಮ ಇನ್ನಿಬ್ರು ಹೆಂಗಸ್ರ ಜೊತೆ ಅಡಿಕೆ ಸುಲೀತಾ ಕೂತಿದ್ರು, ಬೆರಳೆಲ್ಲ ಚೊಗರಿಂದ ಕರ್ರಗಾಗಿತ್ತು. ನಾನೂ ಮಣೆ ಎಳ್ಕೊಂಡು ಕೂತೆ. ಬಸ್ಸಲ್ಲಿ ಇಡೀ ರಾತ್ರಿ ಡೈಲಾಗ್ ರೆಡಿ ಮಾಡ್ಕೊಂಡಿದ್ದೆ, ಬಾಯಿಗೆ ಬಂದಿದ್ದು ಬರೀ, ಜರ್ಮನಿ ಕೆಲ್ಸ ಬಂದಿದೆ, ನೀನೇನ್ ಅಂತೀಯ ಅಂತ. ಅಮ್ಮ ತಲೆ ಎತ್ಲಿಲ್ಲ. ಎರಡು ಅಡಿಕೆ ಸುಲ್ದು ಬುಟ್ಟಿಗೆ ಹಾಕಿದ್ರು.

"ಗೊತ್ತಿತ್ತು, ನಿನ್ ಹೆಂಡ್ತಿ ಹೇಳಿದ್ಲು. ಎಂತಕ್ಕೆ ನನ್ನ ಕೇಳ್ತೀಯ? ನಂಗೋಸ್ಕರ ಉಳ್ಕಂಡ್ರೆ ದಿನಾ ಬೆಳಿಗ್ಗೆ ಎದ್ದು ಮೂತಿ ಉಬ್ಸ್ಕಂಡು ನಂಗೆ ತೋರಿಸ್ತೀಯ. ನಿಮ್ಮಪ್ಪಂದು ನಲ್ವತ್ತು ವರ್ಷ ನೋಡಿದೀನಿ, ಅದೊಂದು ನಂಗೆ ಮತ್ತೆ ಬೇಡ."

ಅಪ್ಪಂಗೆ ಮಿಲಿಟರಿ ಸೇರೋ ಆಸೆ ಇತ್ತಂತೆ, ಅಜ್ಜಿ ಬಿಡ್ಲಿಲ್ವಂತೆ. ನಂಗೆ 41 ವರ್ಷ, ಈ ವಿಷ್ಯ ಮೊನ್ನೆ ಗೊತ್ತಾಯ್ತು. ಪಕ್ಕದಲ್ಲಿ ಸುಲೀತಿದ್ದೋರು ಇಬ್ರೂ ಕೈ ನಿಲ್ಸಿ ನಮ್ಮನ್ನೇ ನೋಡ್ತಿದ್ರು.

ಹಾಗಾದ್ರೆ ಹೋಗು ಅಂತೀಯ ಅಂದೆ. ಅದಕ್ಕೆ, ಹೋಗು ಅಂದ್ನಾ ಈಗ? ನೀನು ಹೋದ್ರೆ ರಾತ್ರಿ ಹೆದ್ರಿಕೆ ಆಗ್ತದೆ ನಂಗೆ, ಸುಳ್ಳೆಂತಕ್ಕೆ ಹೇಳ್ಲಿ, ಅಂದ್ರು. ಆಮೇಲೆ ಮರ ಹತ್ತಿ ಕೊನೆ ಇಳಿಸೋ ಕೊನೆಗೌಡ ಮೇಲಿಂದ ಕೂಗ್ದ, ಹಗ್ಗ ಹಿಡಿಯೋಕೆ ಎದ್ದೋದೆ, ಮಾತು ಅಲ್ಲಿಗೇ ನಿಲ್ತು.

ನೈಟ್‌ಡ್ಯೂಟಿ

ಹೆದ್ರಿಕೆ ಆಗುತ್ತೆ ಅಂತ ಬಾಯಿಬಿಟ್ಟು ಹೇಳೋ ಅಮ್ಮಂದಿರು ಕಮ್ಮಿ. ಕೆಮ್ಮಿಗೆ ತೋರ್ಸಿದ್ರಾ?

ಮಲೆನಾಡಮಳೆ

ತೋರಿಸ್ದೆ. ಎಕ್ಸ್‌ರೇ ಸರಿ ಇದೆ, ಅಡಿಕೆ ಧೂಳು ಅಂದ್ರು, ಮಾಸ್ಕ್ ಹಾಕ್ಬೇಕಂತೆ. ಹಾಕಲ್ಲ ಅಂತ ನಂಗೂ ಗೊತ್ತು ಡಾಕ್ಟ್ರಿಗೂ ಗೊತ್ತು.

ಹಳೇಮೇಷ್ಟ್ರು

ಈಗೇನು ಮಾಡ್ತೀರಿ?

ಮಲೆನಾಡಮಳೆ

ಎರಡು ಮೇಲ್ ಬರ್ದಿಟ್ಟಿದೀನಿ ಮೇಷ್ಟ್ರೇ, ಒಂದು ಹೂಂ ಅಂತ, ಒಂದು ಊಹೂಂ ಅಂತ. ಎರಡೂ ಡ್ರಾಫ್ಟಲ್ಲಿದೆ. ಶುಕ್ರವಾರ ಕೊನೆ ದಿನ, ನಾಳೆ ಬೆಳಿಗ್ಗೆ ಕೂತು ಯಾವ್ದಾದ್ರೂ ಒಂದು ಕಳಿಸ್ತೀನಿ.

ಕಡಲತಡಿ

ಇವತ್ತೇ ಶುಕ್ರವಾರ ಮಾರಾಯ್ರೆ.